ಟಿವಿ ಎಚ್‌ಡಿ, ಚಿತ್ರ ಮಾತ್ರ ಮಂಜು ಮಂಜು

2024ರ ಪ್ಯಾರಿಸ್ ಒಲಿಂಪಿಕ್ಸ್ ಹಾಕಿ ನೋಡಬೇಕು ಅಂತಲೇ ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮಾವ 43 ಇಂಚಿನ ಟಿವಿ ತಂದರು. ತಂದ ಮೂರನೇ ದಿನ ನನಗೆ ಫೋನ್. "ಟಿವಿ ಸರಿ ಇಲ್ಲ ಮಾರಾಯ. ಹಳೇದೇ ವಾಸಿ ಇತ್ತು. ಚೆಂಡೇ ಕಾಣಲ್ಲ. ವಾಪಸ್ ಕೊಡ್ಬೇಕು, ನೀನೂ ಬಾ."

1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಟೂರ್ನಿ ಶುರುವಾದ ಮೇಲೆ ಅದು ನಡೆದ ಯಾವ ವರ್ಷವೂ ಮೈದಾನ ತಪ್ಪಿಸದ ಮನುಷ್ಯ ಅವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನೀಲಿ ಟರ್ಫ್, ಹಳದಿ ಚೆಂಡು ತಂದದ್ದೇ ಚೆಂಡು ಚೆನ್ನಾಗಿ ಕಾಣಲಿ ಅಂತ. ಅಂಥ ಚೆಂಡೂ ಕಾಣುತ್ತಿಲ್ಲ ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಆ ಮಳೆಯಲ್ಲಿ ಕೊಡೆ ಹಿಡಿದು ಹೋದೆ. ಟಿವಿ ಚೆನ್ನಾಗಿಯೇ ಇತ್ತು. ಹಿಂದೆ ಬಗ್ಗಿ ನೋಡಿದರೆ ಹಳದಿ, ಕೆಂಪು, ಬಿಳಿ ಮೂರು ಬಾಲದ ಹಳೇ ವೈರು.

"ಸೆಟ್‌ಟಾಪ್ ಬಾಕ್ಸ್ ಎಚ್‌ಡಿನಾ ಮಾವ?"

"ಟಿವಿನೇ ಎಚ್‌ಡಿ ಅಲ್ವಾ, ಬಾಕ್ಸ್ ಯಾಕೆ ಬೇರೆ?"

ಈ ಪ್ರಶ್ನೆಯನ್ನು ನಾನು ಗೋಣಿಕೊಪ್ಪದಲ್ಲೂ ಕೇಳಿದ್ದೇನೆ, ಕುಶಾಲನಗರದಲ್ಲೂ ಕೇಳಿದ್ದೇನೆ. ನಿಜ ಹೇಳಬೇಕೆಂದರೆ ನಾನೂ ಮೊದಲ ಎಚ್‌ಡಿ ಟಿವಿ ತಂದಾಗ ಎಂಟು ತಿಂಗಳು ಹೀಗೇ ನೋಡಿದವನು. ಹಾಗಾಗಿ ಯಾರನ್ನೂ ನೋಡಿ ನಗುವ ಹಕ್ಕು ನನಗಿಲ್ಲ.

ಮಾವನಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟಕ್ಕೆ ಸ್ಪ್ರಿಂಕ್ಲರ್ ಇಡುತ್ತೀವಲ್ಲ, ಆಗ ದೊಡ್ಡ ಜೆಟ್ ತಂದು ಕೂರಿಸಿ ಮಧ್ಯದಲ್ಲಿ ಎಲ್ಲೋ ಒಂದು ಕಡೆ ಸಣ್ಣ ಪೈಪ್ ಸೇರಿಸಿದರೆ ನೀರು ಎಷ್ಟು ದೂರ ಹಾರೀತು? ಟಿವಿ ಅಂದರೆ ಆ ಜೆಟ್ ಮಾತ್ರ. ಕೆರೆ ಅಂದರೆ ಚಾನೆಲ್, ಪಂಪು ಅಂದರೆ ಬಾಕ್ಸು, ಪೈಪ್ ಅಂದರೆ ಕೇಬಲ್ಲು. ಒಂದು ಕಡೆ ಸಣ್ಣದಾದರೆ ಮುಗಿಯಿತು. ಆದ್ದರಿಂದ ಕೆರೆಯಿಂದ ಶುರು ಮಾಡಿ ಒಂದೊಂದೇ ನೋಡುತ್ತಾ ಬನ್ನಿ. ಅಲ್ಲಿವರೆಗೆ ಅಂಗಡಿಗೆ ಹೋಗಬೇಡಿ.

"ಹಳೇದೇ ವಾಸಿ" ಅನ್ನೋದು ಸುಳ್ಳೇನಲ್ಲ

ಸ್ವಲ್ಪ ಲೆಕ್ಕ ಹೇಳಿಬಿಡುತ್ತೇನೆ, ಮುಂದೆ ಅನುಕೂಲವಾಗುತ್ತದೆ. ನಮ್ಮ ಹಳೇ ಮಾಮೂಲಿ ಪ್ರಸಾರಕ್ಕೆ ಎಸ್‌ಡಿ ಅನ್ನುತ್ತಾರೆ. ಅದರಲ್ಲಿ ಚಿತ್ರಕ್ಕೆ 576 ಗೆರೆ, ಒಂದು ಗೆರೆಗೆ 720 ಚುಕ್ಕಿ. ಒಟ್ಟು ನಾಲ್ಕು ಲಕ್ಷ ಚುಕ್ಕಿ ಚಿಲ್ಲರೆ. ಫುಲ್ ಎಚ್‌ಡಿ ಅಂದರೆ 1920 ಅಡ್ಡ, 1080 ಉದ್ದ, ಅಂದರೆ ಇಪ್ಪತ್ತು ಲಕ್ಷದ ಮೇಲೆ. ಸರಿಸುಮಾರು ಐದು ಪಟ್ಟು. ಸಣ್ಣ ಟಿವಿಗಳ ಮೇಲೆ ಎಚ್‌ಡಿ ರೆಡಿ ಅಂತ ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ 1366ಕ್ಕೆ 768, ಹತ್ತು ಲಕ್ಷದ ಆಸುಪಾಸು. 4ಕೆ ಅಂದರೆ 83 ಲಕ್ಷ.

ಈಗ ನಾಲ್ಕು ಲಕ್ಷ ಚುಕ್ಕಿಯ ಚಿತ್ರವನ್ನು ಇಪ್ಪತ್ತು ಲಕ್ಷ ಚುಕ್ಕಿಯ ಪರದೆಗೆ ಕೊಟ್ಟರೆ ಉಳಿದ ಹದಿನಾರು ಲಕ್ಷ ಎಲ್ಲಿಂದ ಬರಬೇಕು? ಟಿವಿ ಅಕ್ಕಪಕ್ಕದ ಚುಕ್ಕಿ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಹಳೇ 21 ಇಂಚಿನ ಡಬ್ಬಾ ಟಿವಿಯಲ್ಲಿ ಅದೇ ನಾಲ್ಕು ಲಕ್ಷ ಒತ್ತೊತ್ತಾಗಿ ಕೂತಿದ್ದವು, ಚಿತ್ರ ಗಟ್ಟಿಯಾಗಿ ಕಾಣುತ್ತಿತ್ತು. 43 ಇಂಚಿಗೆ ಎಳೆದಾಗ ತೆಳ್ಳಗಾಯಿತು. ಮಾವನ ಕಣ್ಣು ಸರಿಯಾಗಿಯೇ ಹೇಳಿತ್ತು, ತಪ್ಪು ಯಾರದು ಅನ್ನೋದರಲ್ಲಿ ಮಾತ್ರ ಎಡವಿದ್ದರು.

ಮೊದಲು ಚಾನೆಲ್ ನಂಬರ್ ನೋಡಿ

ಡಿಜಿಟಲ್ ಅಂದರೆ ಎಚ್‌ಡಿ ಅಂತ ತಿಳಿದವರು ಬಹಳ. ಕೇಬಲ್ ಡಿಜಿಟಲ್ ಆಗಬೇಕು ಅಂತ ಸರ್ಕಾರ ಹಳ್ಳಿಗಳಿಗೆ ಕೊಟ್ಟ ಕೊನೆಯ ಗಡುವು 2017ರ ಮಾರ್ಚ್. ಆಗ ಎಲ್ಲರ ಮನೆಗೂ ಬಾಕ್ಸ್ ಬಂತು, "ನಮ್ಮದೂ ಎಚ್‌ಡಿ ಆಯ್ತು" ಅಂದುಕೊಂಡೆವು. ಬಂದದ್ದು ಡಿಜಿಟಲ್ ಎಸ್‌ಡಿ. ಎಚ್‌ಡಿ ಬೇರೆ.

ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ ಇವುಗಳಿಗೆ ಎಚ್‌ಡಿ ಚಾನೆಲ್ ಬೇರೆಯೇ ಇದೆ. ಬೇರೆ ನಂಬರ್, ಬೇರೆ ದುಡ್ಡು. ಮಾಮೂಲಿ ನಂಬರ್ ಒತ್ತಿಕೊಂಡು ಕೂತರೆ ಎಚ್‌ಡಿ ಬಾಕ್ಸ್ ಇದ್ದರೂ ಎಸ್‌ಡಿಯೇ ಬರುತ್ತದೆ. ಮನೆಯಲ್ಲಿ ಹಿರಿಯರಿಗೆ ಹಳೇ ನಂಬರ್ ಬಾಯಿಪಾಠ ಆಗಿರುತ್ತದೆ ನೋಡಿ, ದುಡ್ಡು ಎಚ್‌ಡಿಗೆ ಕಟ್ಟಿ ನೋಡುವುದು ಎಸ್‌ಡಿ. ಇದಕ್ಕೆ ಸುಲಭದ ಮದ್ದು, ಬಾಕ್ಸಿನ ಫೇವರಿಟ್ ಪಟ್ಟಿಗೆ ಎಚ್‌ಡಿ ನಂಬರ್ ಮಾತ್ರ ಹಾಕಿಕೊಡುವುದು.

ಪ್ಯಾಕ್ ನೋಡುವಾಗ ಇನ್ನೊಂದು ವಿಷಯ. ಒಂದೇ ಚಾನೆಲ್ಲಿನ ಎಸ್‌ಡಿ, ಎಚ್‌ಡಿ ಎರಡಕ್ಕೂ ದುಡ್ಡು ಕಟ್ಟುತ್ತಿದ್ದೀರಾ ಅಂತ ನೋಡಿಕೊಳ್ಳಿ. ಎಚ್‌ಡಿ ತೆಗೆದುಕೊಂಡ ಮೇಲೆ ಅದೇ ಚಾನೆಲ್ಲಿನ ಎಸ್‌ಡಿ ಯಾಕೆ ಬೇಕು? ಬಿಲ್ಲಿನ ಲೆಕ್ಕ ಗೊಂದಲ ಅನಿಸಿದರೆ ಇದೂ ನೆನಪಿರಲಿ: 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ದರಪದ್ಧತಿ ತಂದಾಗ, ಚಾನೆಲ್ ದರ ಬಿಟ್ಟು ಬೇರೆಯಾಗಿ ಕಟ್ಟುವ ನೆಟ್‌ವರ್ಕ್ ಶುಲ್ಕಕ್ಕೆ ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಎಸ್‌ಡಿ ಅಂತ ಲೆಕ್ಕ ಹಿಡಿದಿದ್ದರು.

ಎಚ್‌ಡಿ ಚಾನೆಲ್ ಅಂದ ಮಾತ್ರಕ್ಕೆ ಅದರಲ್ಲಿ ಬರುವುದೆಲ್ಲ ಎಚ್‌ಡಿ ಅಲ್ಲ, ಇದನ್ನೂ ತಿಳಿದಿರಿ. ಇಪ್ಪತ್ತು ವರ್ಷದ ಹಿಂದೆ ವಿಡಿಯೋ ಟೇಪಿನಲ್ಲಿ ತೆಗೆದ ಧಾರಾವಾಹಿ ಯಾವ ಚಾನೆಲ್ಲಿಗೆ ಹಾಕಿದರೂ ಅಷ್ಟೇ. ಹಳೇ ಸಿನಿಮಾ ಬೇರೆ ಕತೆ. 35 ಎಂಎಂ ಫಿಲ್ಮಿನಲ್ಲಿ ಬೇಕಾದಷ್ಟು ವಿವರ ಇರುತ್ತದೆ, ಹೊಸದಾಗಿ ಸ್ಕ್ಯಾನ್ ಮಾಡಿದರೆ ಕಣ್ಣು ತುಂಬುವಂತೆ ಬರುತ್ತದೆ. ಆದರೆ ಯಾವುದೋ ಹಳೇ ಟೇಪಿನ ಕಾಪಿ ಹಾಕಿದರೆ ರಾಜ್‌ಕುಮಾರ್ ಮುಖವೂ ಮಸುಕೇ. ಆದ್ದರಿಂದ ಟಿವಿ ಪರೀಕ್ಷೆಗೆ ಹಳೇ ಸಿನಿಮಾ ಬೇಡ, ಎಚ್‌ಡಿ ಸ್ಪೋರ್ಟ್ಸ್ ಚಾನೆಲ್ಲಿನಲ್ಲಿ ಲೈವ್ ಆಟ ಹಾಕಿ ನೋಡಿ.

ಬಾಕ್ಸು, ಕೇಬಲ್ಲು

ಬಾಕ್ಸಿನ ಹಿಂದೆ ಚಪ್ಪಟೆ ಬಾಯಿಯ ಎಚ್‌ಡಿಎಂಐ ತೂತು ಇದೆಯಾ? ಇಲ್ಲವಾದರೆ ಬಾಕ್ಸ್ ಬದಲಿಸಬೇಕು, ಬೇರೆ ದಾರಿ ಇಲ್ಲ. ದೂರದರ್ಶನದ ಫ್ರೀ ಡಿಶ್‌ನವರಿಗೂ ಅಷ್ಟೇ, ತಿಂಗಳ ಬಾಡಿಗೆ ಇಲ್ಲದಿರುವುದು ಒಳ್ಳೆಯದೇ, ಆದರೆ ಎಂಪೆಗ್-2 ಅನ್ನುವ ಹಳೇ ಪದ್ಧತಿಯ ಬಾಕ್ಸಿನಲ್ಲಿ ಎಚ್‌ಡಿ ಬರುವುದಿಲ್ಲ. "ಎಚ್‌ಡಿ ಡಿಶ್" ಅಂತ ಬೇರೆ ತಟ್ಟೆ ಹಾಕಿಸಬೇಕು ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ಅದೇ ಕಂಪನಿಯಲ್ಲೇ ಇರುವುದಾದರೆ ಸಾಮಾನ್ಯವಾಗಿ ಹಳೇ ಡಿಶ್ಶೇ ಸಾಕು, ಅದು ನೆಟ್ಟಗೆ ಕೂತಿರಬೇಕು ಅಷ್ಟೇ.

ಮೂರು ಬಾಲದ ವೈರನ್ನು ಕಿತ್ತು ಪಕ್ಕಕ್ಕಿಡಿ. ಅದರ ಹಳದಿ ಬಾಲದಲ್ಲಿ ಎಸ್‌ಡಿ ಮಾತ್ರ ಹರಿಯುತ್ತದೆ. ಎಚ್‌ಡಿಎಂಐ ಕೇಬಲ್ಲೇ ಬೇಕು. ಎಂಥ ಕೇಬಲ್? ಇಲ್ಲಿ ನಾನು ಚೆನ್ನಾಗಿ ಮೋಸ ಹೋಗಿದ್ದೇನೆ. ಮೈಸೂರಿನ ಒಂದು ಶೋರೂಮಿನಲ್ಲಿ ಚಿನ್ನದ ಲೇಪದ ತುದಿ ತೋರಿಸಿ, "ಸರ್, ಕಲರ್ ಡೆಪ್ತೇ ಬೇರೆ" ಅಂತ ಹೇಳಿ ಎರಡು ಸಾವಿರದ ಮೇಲೆ ಕಿತ್ತರು. ಮನೆಗೆ ಬಂದು ಮುನ್ನೂರು ರೂಪಾಯಿಯ ಕೇಬಲ್ಲಿನ ಜೊತೆ ಬದಲಿಸಿ ಬದಲಿಸಿ ನೋಡಿದೆ. ಹೆಂಡತಿಯನ್ನು ಕೂರಿಸಿ, ಯಾವುದು ಹಾಕಿದ್ದೇನೆ ಅಂತ ಹೇಳದೆ ಕೇಳಿದೆ. "ಎರಡೂ ಒಂದೇ, ಊಟಕ್ಕೆ ಬನ್ನಿ" ಅಂದಳು.

ಕಾರಣ ಸರಳ. ಇದರೊಳಗೆ ಹೋಗುವುದು ಸೊನ್ನೆ-ಒಂದರ ಲೆಕ್ಕ. ಆ ಕಡೆಯಿಂದ ಹೊರಟ ಲೆಕ್ಕ ಈ ಕಡೆ ಸರಿಯಾಗಿ ಮುಟ್ಟಿದರೆ ಮುಗಿಯಿತು, ದುಬಾರಿ ತಾಮ್ರದಲ್ಲಿ ಬಂದದ್ದಕ್ಕೆ ಕೆಂಪು ಹೆಚ್ಚು ಕೆಂಪಾಗುವುದಿಲ್ಲ. ಕೇಬಲ್ ಕೆಟ್ಟದಾಗಿದ್ದರೆ ಪರದೆ ಮೇಲೆ ಬಿಳಿ ಕಿಡಿ ಮಿನುಗುತ್ತದೆ, ಇಲ್ಲವೇ ಪರದೆ ಆಗಾಗ ಕಪ್ಪಾಗುತ್ತದೆ. ಬಣ್ಣ ಪೇಲವ ಆಗುವ ರೋಗ ಇದಕ್ಕಿಲ್ಲ. ಬಾಕ್ಸ್ ಟಿವಿ ಪಕ್ಕದಲ್ಲೇ ಇದ್ದರೆ ಒಂದೂವರೆ ಮೀಟರಿನ ಸಾದಾ ಕೇಬಲ್ ಸಾಕು. ತುಂಬ ಉದ್ದ ಎಳೆಯುವುದಾದರೆ, 4ಕೆ ಓಡಿಸುವುದಾದರೆ ಮಾತ್ರ ಸ್ವಲ್ಪ ಒಳ್ಳೆಯದು ನೋಡಿ.

ಕೇಬಲ್ ಹಾಕಿದ ಮೇಲೆ ಟಿವಿ ರಿಮೋಟಿನಲ್ಲಿ ಸೋರ್ಸ್ ಒತ್ತಿ ಎಚ್‌ಡಿಎಂಐ ಆರಿಸಬೇಕು. ವಿರಾಜಪೇಟೆಯ ಒಬ್ಬ ಗೆಳೆಯನ ಮನೆಯಲ್ಲಿ ಎರಡೂ ವೈರು ಹಾಕಿದ್ದರು, ಟಿವಿ ಮಾತ್ರ ಹಳೇ ವೈರಿನ ಎವಿ ಮೇಲೆಯೇ ಇತ್ತು. ಒಂದು ವರ್ಷ!

ಈಗ ಅಸಲಿ ಪರೀಕ್ಷೆ. ಟಿವಿಯ ರಿಮೋಟಿನಲ್ಲಿ, ಗಮನಿಸಿ, ಬಾಕ್ಸಿನ ರಿಮೋಟ್ ಅಲ್ಲ, ಇನ್ಫೋ ಬಟನ್ ಒತ್ತಿ. ಪರದೆ ಮೂಲೆಯಲ್ಲಿ ಒಂದು ಸಂಖ್ಯೆ ಬರುತ್ತದೆ. 576 ಅಂತ ಬಂದರೆ ನೀವಿನ್ನೂ ಹಳೇ ಕಾಲದಲ್ಲೇ ಇದ್ದೀರಿ. 1080 ಬಂದರೆ ಬಾಕ್ಸಿನಿಂದ ಟಿವಿವರೆಗಿನ ದಾರಿ ಸರಿ ಇದೆ. 576 ಬಂದವರು ಬಾಕ್ಸಿನ ಮೆನುವಿಗೆ ಹೋಗಿ, ವಿಡಿಯೋ ಅಥವಾ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1080 ಐ ಮತ್ತು 16:9 ಅಂತ ಇಡಿ. ಬಾಕ್ಸ್ ಹಾಕಲು ಬಂದ ಹುಡುಗ ಅವಸರದಲ್ಲಿ ಇದನ್ನು ಬಿಟ್ಟು ಹೋಗಿರುವುದು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಆದರೆ ಒಂದು ಮಾತು: ಹೀಗೆ ಇಟ್ಟ ಮೇಲೆ ಎಸ್‌ಡಿ ಚಾನೆಲ್ ಹಾಕಿದರೂ ಟಿವಿ 1080 ಅಂತಲೇ ತೋರಿಸಬಹುದು, ಯಾಕೆಂದರೆ ಹಿಗ್ಗಿಸುವ ಕೆಲಸವನ್ನು ಆಗ ಬಾಕ್ಸೇ ಮಾಡುತ್ತದೆ. ಅದಕ್ಕೇ ಚಾನೆಲ್ ನಂಬರ್ ಮೊದಲು ನೋಡಿ ಅಂದದ್ದು.

ಕಡಂಬುಟ್ಟು ಉದ್ದವಾದರೆ

ಹಳೇ ಟಿವಿ ಪರದೆ 4:3, ಹೊಸದು 16:9. ಹಳೇ ಅಳತೆಯ ಚಿತ್ರವನ್ನು ಹೊಸದಕ್ಕೆ ಎಳೆದರೆ ಎಲ್ಲವೂ ಮೂರನೇ ಒಂದು ಪಾಲು ಹೆಚ್ಚು ಅಗಲ ಆಗುತ್ತದೆ. ನ್ಯೂಸ್ ಓದುವ ಹುಡುಗಿ ದಪ್ಪ, ಕಾರಿನ ಚಕ್ರ ಮೊಟ್ಟೆ, ಅಡುಗೆ ಕಾರ್ಯಕ್ರಮದಲ್ಲಿ ಅಕ್ಕಿ ತರಿಯ ಗುಂಡು ಕಡಂಬುಟ್ಟು ಉದ್ದುದ್ದ. ಜನಕ್ಕೆ ಇದು ಗೊತ್ತಾಗುವುದೇ ಇಲ್ಲ, ಅಷ್ಟು ಅಭ್ಯಾಸ ಆಗಿಬಿಟ್ಟಿದೆ. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ "ದುಡ್ಡು ಕೊಟ್ಟು ತಂದ ಟಿವಿ ಪೂರ್ತಿ ತುಂಬಬೇಕು" ಅಂತ ಎಳೆದುಬಿಡುತ್ತಾರೆ. ಎಳೆಯಬೇಡಿ. ಪಟ್ಟಿ ಇರಲಿ, ಚಿತ್ರ ಇರುವುದೇ ಹಾಗೆ.

ಇದರ ತಿರುಗುಮುರುಗು ಇನ್ನೊಂದಿದೆ. ಟಿವಿ ಅಂಚನ್ನು ಸ್ವಲ್ಪ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತದೆ. ನ್ಯೂಸ್ ಚಾನೆಲ್ಲಿನ ಕೆಳಗಿನ ಸಾಲು ಅರ್ಧ ಕಾಣದೇ ಹೋಗುವುದು ಇದರಿಂದಲೇ. ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್ ಹೀಗೆ ಕಂಪನಿಗೊಂದು ಹೆಸರಿರುತ್ತದೆ. ಅದನ್ನು ಆರಿಸಿ.

ಹಾಗೇ ಪಿಕ್ಚರ್ ಮೋಡ್. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಣ್ಣು ಸೆಳೆಯಲಿ ಅಂತ ವಿವಿಡ್ ಅಥವಾ ಡೈನಾಮಿಕ್ ಹಾಕಿಟ್ಟಿರುತ್ತಾರೆ. ಮನೆಯಲ್ಲಿ ಅದೇ ಇದ್ದರೆ ಹುಲ್ಲು ಪ್ಲಾಸ್ಟಿಕ್ಕಿನ ಹಾಗೆ, ಮುಖ ಕಿತ್ತಳೆಯ ಹಾಗೆ. ನಮ್ಮ ಕೊಡಗಿನ ಕಿತ್ತಳೆ ಕೂಡ ಅಷ್ಟು ಹೊಳೆಯುವುದಿಲ್ಲ. ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಹಾಕಿ, ಶಾರ್ಪ್‌ನೆಸ್ ಇಳಿಸಿ. ಶಾರ್ಪ್‌ನೆಸ್ ಏರಿಸಿದರೆ ವಿವರ ಹೆಚ್ಚುವುದಿಲ್ಲ, ಅಂಚಿಗೆ ಬಿಳಿ ಗೆರೆ ಬರುತ್ತದೆ. ಮೋಷನ್ ಅಂತ ಹೆಸರಿರುವ ಆಯ್ಕೆಯನ್ನು ಕಡಿಮೆ ಮಾಡಿ ಅಥವಾ ಆಫ್ ಮಾಡಿ, ಚೆಂಡಿನ ಸುತ್ತ ಬರುವ ನೆರಳು ಹೋಗುತ್ತದೆ.

ಮಳೆ, ಮಂಜು, ಸಿಲ್ವರ್ ಮರ

"ಎಚ್‌ಡಿ ಹಾಕಿದ ಮೇಲೆ ಮಳೆಗೆ ಜಾಸ್ತಿ ಹೋಗುತ್ತದೆ." ಇದು ನಮ್ಮೂರ ವಿಶೇಷ ದೂರು. ಮೈಸೂರಿನವರಿಗೆ ಇಷ್ಟು ಕಷ್ಟ ಇಲ್ಲ.

ಡಿಟಿಎಚ್, ಅಂದರೆ ಮನೆ ಮೇಲೆ ಡಿಶ್ ಹಾಕಿ ನೋಡುವ ಟಿವಿಯ ತರಂಗ ಬರುವುದು 36,000 ಕಿಲೋಮೀಟರ್ ಮೇಲಿನ ಉಪಗ್ರಹದಿಂದ, ಕೆಯು ಬ್ಯಾಂಡ್ ಅನ್ನುವ ತರಂಗಪಟ್ಟಿಯಲ್ಲಿ. ಈ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಇದನ್ನು ಹೀರುತ್ತದೆ, ಚದುರಿಸುತ್ತದೆ. ಹಳೇ ಆಂಟೆನಾ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದರೆ ನಿಧಾನಕ್ಕೆ ಚುಕ್ಕಿ ಬರುತ್ತಿತ್ತು. ಡಿಜಿಟಲ್‌ನಲ್ಲಿ ಒಂದು ಮಟ್ಟದವರೆಗೆ ಪೂರ್ತಿ ಚೆನ್ನಾಗಿರುತ್ತದೆ, ಅದರ ಕೆಳಗೆ ಇಳಿದರೆ ಚೌಕ ಚೌಕ ಒಡೆದು ನಿಂತೇಹೋಗುತ್ತದೆ. ಎಚ್‌ಡಿ ಚಾನೆಲ್‌ಗಳಿಗೆ ಅದೇ ಜಾಗದಲ್ಲಿ ಹೆಚ್ಚು ಮಾಹಿತಿ ತುರುಕಿರುತ್ತಾರೆ, ಹಾಗಾಗಿ ಡಿಶ್ ಸ್ವಲ್ಪ ಓರೆ ಇದ್ದರೂ ಎಸ್‌ಡಿಗಿಂತ ಮೊದಲು ಅವೇ ಹೋಗಬಹುದು. ಆದ್ದರಿಂದ ದೂರು ಪೂರ್ತಿ ಸುಳ್ಳಲ್ಲ.

ಆದರೆ "ಮಂಜಿಗೆ ಡಿಶ್ ಹೋಯ್ತು" ಅನ್ನೋದು ಮಾತ್ರ ಸುಳ್ಳು. ಮಡಿಕೇರಿ ಮಂಜಿನಲ್ಲಿ ಎದುರಿನ ಜೀಪ್ ಕಾಣದಿರಬಹುದು, ಮಂಜಿನ ಹನಿ ಅಷ್ಟು ಸಣ್ಣದು, ಈ ತರಂಗಕ್ಕೆ ಅದು ಲೆಕ್ಕಕ್ಕೇ ಇಲ್ಲ. ಮಂಜಿನ ದಿನ ಚಿತ್ರ ಹೋದರೆ ಬೇರೆ ಕಡೆ ಹುಡುಕಿ.

ಮೊದಲು ಮರ. ಕೊಡಗಿನಿಂದ ನೋಡಿದರೆ ನಮ್ಮ ಡಿಟಿಎಚ್ ಉಪಗ್ರಹಗಳೆಲ್ಲ ಆಗ್ನೇಯದ ಆಸುಪಾಸಿನಲ್ಲಿ, ಆಕಾಶದಲ್ಲಿ ಸಾಕಷ್ಟು ಮೇಲೆ ಇವೆ. ಡಿಶ್ ಸ್ವಲ್ಪವೇ ಮೇಲಕ್ಕೆ ನೋಡುತ್ತಿರುವಂತೆ ಕಾಣುತ್ತದೆ, ಆದರೆ ಅದರ ವಿನ್ಯಾಸವೇ ಓರೆ, ನಿಜವಾಗಿ ಇನ್ನೂ ಮೇಲಕ್ಕೆ ನೋಡುತ್ತಿರುತ್ತದೆ. ಡಿಶ್ ಹಾಕಿದ ದಿನ ಗಿಡವಾಗಿದ್ದ ಸಿಲ್ವರ್ ಓಕ್ ನಾಲ್ಕೈದು ವರ್ಷದಲ್ಲಿ ದಾರಿಗೆ ಅಡ್ಡ ಬಂದಿರುತ್ತದೆ. ಎಲೆ ಒದ್ದೆಯಾದರೆ ಇನ್ನೂ ಕಷ್ಟ. ಮಳೆಗೆ ಮೊದಲು ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಡಿಶ್ ಮುಂದಿನ ಕೊಂಬೆಯನ್ನೂ ತೋರಿಸಿಬಿಡಿ. ಕೂಲಿ ಬೇರೆ ಕೊಡಬೇಕಿಲ್ಲ.

ಆಮೇಲೆ ಮೇ ತಿಂಗಳಲ್ಲಿ ಒಂದು ಬಿಸಿಲಿನ ದಿನ ಇವಿಷ್ಟು ಮಾಡಿ. ಡಿಶ್ ಮುಂದೆ ಚಾಚಿಕೊಂಡಿರುವ, ತರಂಗ ಹಿಡಿಯುವ ಡಬ್ಬಿ ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಒಡೆದಿದೆಯಾ ನೋಡಿ. ಕೇಬಲ್ ತುದಿಯ ಪಿನ್ ಹಸಿರು ಕಟ್ಟಿದ್ದರೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ಮೇಲೆ ಟೇಪ್ ಸುತ್ತಿಸಿ. ಕೇಬಲ್ ಮನೆಯೊಳಗೆ ಬರುವ ಮೊದಲು ಒಂದು ಸುತ್ತು ಕೆಳಗೆ ಜೋತಾಡಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬೋಲ್ಟ್ ಬಿಗಿ ಮಾಡಿಸಿ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಪುಟ ಇರುತ್ತದೆ, ಬಿಸಿಲಿನ ದಿನದ ಕ್ವಾಲಿಟಿ ಎಷ್ಟು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಬಿಸಿಲಿನಲ್ಲಿ ಕಮ್ಮಿ ಬಂದರೆ ಡಿಶ್ ಜರುಗಿದೆ ಅಂತ ಲೆಕ್ಕ.

ಇಷ್ಟಾದ ಮೇಲೂ ಭಾಗಮಂಡಲದ ಕಡೆಯ ಮಳೆಗೆ ನಿಲ್ಲುವುದಿಲ್ಲ ಅಂದರೆ 60 ಸೆಂಟಿಮೀಟರ್ ತಟ್ಟೆ ತೆಗೆದು 90ರದ್ದು ಹಾಕಿಸಬಹುದು. ವಿಸ್ತೀರ್ಣ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಸಾಧಾರಣ ಮಳೆಗೆ ಖಂಡಿತ ತಡೆಯುತ್ತದೆ. ಜುಲೈ-ಆಗಸ್ಟ್‌ನ ಆಟಿ ತಿಂಗಳ ಜಡಿಮಳೆ ಒಂದೇ ಸಮನೆ ಹೊಡೆಯುವಾಗ ಯಾವ ತಟ್ಟೆಯೂ ಸೋಲುತ್ತದೆ, ಟಿವಿ ಆರಿಸಿ ಬಿಸಿ ಕಾಫಿ ಕುಡಿಯಿರಿ.

ಗುಡುಗು ಸಿಡಿಲಿನ ಏಪ್ರಿಲ್ ಮೇಯಲ್ಲಿ ಪ್ಲಗ್ ಕಿತ್ತರೆ ಸಾಲದು, ಡಿಶ್‌ನಿಂದ ಬರುವ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿ. ಸಿಡಿಲು ಹತ್ತಿರ ಬರುವ ಮೊದಲೇ ಬಿಚ್ಚಬೇಕು, ತಲೆ ಮೇಲೆ ಗುಡುಗುವಾಗ ಮುಟ್ಟಲು ಹೋಗಬೇಡಿ.

ಇಂಟರ್ನೆಟ್‌ನಲ್ಲಿ ನೋಡುವವರಿಗೆ

ಸ್ಮಾರ್ಟ್ ಟಿವಿ ಅಂದರೆ ಎಚ್‌ಡಿ ಅಂತ ಅರ್ಥ ಅಲ್ಲ, ಎಚ್‌ಡಿ ಅಂದರೆ ಸ್ಮಾರ್ಟ್ ಅಂತಲೂ ಅಲ್ಲ. ಸ್ಮಾರ್ಟ್ ಅಂದರೆ ಇಂಟರ್ನೆಟ್ ಬರುತ್ತದೆ ಅಷ್ಟೇ. ನೆಟ್‌ಫ್ಲಿಕ್ಸ್‌ನವರು ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ನೆಟ್ ವೇಗ, 4ಕೆಗೆ 15 ಬೇಕು ಅನ್ನುತ್ತಾರೆ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡುವವರು ಅರ್ಧ ಗಂಟೆಗೆ ಕೈ ಎತ್ತಬೇಕಾಗುತ್ತದೆ. ನೆಟ್ ನಿಧಾನವಾದರೆ ಆ್ಯಪ್ ಹೇಳದೆ ಕೇಳದೆ ಕ್ವಾಲಿಟಿ ಇಳಿಸುತ್ತದೆ, ನಾವು ಟಿವಿಯನ್ನು ಬೈಯುತ್ತೇವೆ. ಯೂಟ್ಯೂಬ್‌ನಲ್ಲಿ ಗೇರ್ ಗುರುತು ಒತ್ತಿದರೆ ಈಗ 480 ಓಡುತ್ತಿದೆಯೋ 1080 ಓಡುತ್ತಿದೆಯೋ ಕಾಣುತ್ತದೆ. ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಎಚ್‌ಡಿ ಇರುವುದೇ ಇಲ್ಲ, ಅದನ್ನೂ ನೋಡಿಕೊಳ್ಳಿ.

ಇನ್ನೂ ಟಿವಿ ತಂದಿಲ್ಲದವರಿಗೆ, ಅಥವಾ ಕುರ್ಚಿಯ ಕತೆ

ಎಲ್‌ಇಡಿ ಅಂತ ಮಾರುವುದು ಹಿಂದೆ ಎಲ್‌ಇಡಿ ದೀಪ ಇಟ್ಟ ಎಲ್‌ಸಿಡಿಯನ್ನೇ. ಅದಕ್ಕೂ ಎಚ್‌ಡಿಗೂ ಸಂಬಂಧ ಇಲ್ಲ. ಅಂಗಡಿಗೆ ಹೋಗುವ ಮೊದಲು ಟಿವಿ ಇಡುವ ಗೋಡೆಯಿಂದ ಕೂರುವ ಜಾಗಕ್ಕೆ ಎಷ್ಟು ಅಡಿ ಅಂತ ಅಳೆಯಿರಿ. ಇದನ್ನು ಮಾತ್ರ ತಪ್ಪಿಸಬೇಡಿ.

ಮನುಷ್ಯನ ಕಣ್ಣು ಬಿಡಿಸಿ ನೋಡುವುದಕ್ಕೆ ಒಂದು ಮಿತಿ ಇದೆ. ಕಣ್ಣು ಚೆನ್ನಾಗಿರುವವರಿಗೆ 43 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಪೂರ್ತಿ ವಿವರ ಸಿಗುವುದು ಸುಮಾರು ಐದೂವರೆ ಅಡಿಯೊಳಗೆ ಕೂತರೆ. ದೂರ ಹೋದಂತೆ ಕರಗುತ್ತದೆ. ಹತ್ತಡಿ ದಾಟಿದರೆ ಎಸ್‌ಡಿಗೂ ಎಚ್‌ಡಿಗೂ ಇರುವ ವ್ಯತ್ಯಾಸ ಹುಡುಕಬೇಕಾಗುತ್ತದೆ. 55 ಇಂಚಿಗೆ ಆ ಐದೂವರೆ ಅಡಿ ಏಳು ಅಡಿ ಆಗುತ್ತದೆ. 43 ಇಂಚಿನಲ್ಲಿ 4ಕೆಯ ಕೊನೇ ವಿವರದವರೆಗೂ ಬೇಕು ಅಂದರೆ ಮೂರಡಿ ಹತ್ತಿರ ಹೋಗಬೇಕು, ಯಾರು ಹೋಗುತ್ತಾರೆ? ಜೊತೆಗೆ ನಮ್ಮ ಎಚ್‌ಡಿ ಚಾನೆಲ್‌ಗಳು ಹೆಚ್ಚಿನವು 1080 ಐ. ಸಣ್ಣ ಟಿವಿಗೆ 4ಕೆ ಅಂತ ಹೆಚ್ಚು ದುಡ್ಡು ಸುರಿಯುವುದಕ್ಕಿಂತ ಅದೇ ದುಡ್ಡಿನಲ್ಲಿ ಎಚ್‌ಡಿ ಬಾಕ್ಸ್ ಹಾಕಿಸುವುದು ಜಾಣತನ ಅಂತ ನನ್ನ ಅಭಿಪ್ರಾಯ.

ಮಾವನ ಮನೆಯಲ್ಲಿ ಆ ದಿನವೇ ಎಚ್‌ಡಿ ಬಾಕ್ಸಿಗೆ ಹೇಳಿಸಿದೆ, ಕೇಬಲ್ ತಂದು ಕೊಟ್ಟೆ. ಬಾಕ್ಸ್ ಬಂದ ಮೇಲೆ ಚೆಂಡು ಕಂಡಿತು. ಆಗಸ್ಟ್ 8ರಂದು ಭಾರತ ಸ್ಪೇನನ್ನು 2-1ರಲ್ಲಿ ಸೋಲಿಸಿ ಕಂಚು ಗೆದ್ದದ್ದನ್ನು ಅದರಲ್ಲೇ ನೋಡಿದರು. ಆಮೇಲೆ ಒಂದು ದಿನ ಟೇಪ್ ಹಿಡಿದು ಅಳೆದೆ, ಗೋಡೆಯಿಂದ ಅವರ ಕುರ್ಚಿಗೆ ಒಂಬತ್ತು ಅಡಿ.

"ಕುರ್ಚಿ ಮೂರಡಿ ಮುಂದೆ ಎಳೆದರೆ ಇನ್ನೂ ಚೆನ್ನಾಗಿ ಕಾಣುತ್ತೆ ಮಾವ, ದುಡ್ಡು ಖರ್ಚಿಲ್ಲ."

"ಆ ಕಿಟಕಿ ಪಕ್ಕದಿಂದ ಕುರ್ಚಿ ಅಲ್ಲಾಡಲ್ಲ," ಅಂದರು. "ಗೇಟಿಗೆ ಯಾರು ಬಂದ್ರೂ ಅಲ್ಲಿಂದಲೇ ಕಾಣೋದು. 55 ಇಂಚಿಗೆ ಎಷ್ಟಾಗ್ತದೆ ಕೇಳು."